ಸಿಡಿದುದು, ಬಿರಿದುದು, ಅರಳಿದುದು

ನಮ್ಮ ದಿನಪತ್ರಿಕೆಗಳ ತಲೆಬರಹಗಳಲ್ಲಿ ‘ಸ್ಫೋಟ’ವೆಂಬ ಶಬ್ದಕ್ಕೆ ದೊರೆತಿರುವ ಪ್ರಾಶಸ್ತ್ಯ ಬೇರೆ ಯಾವ ತತ್ಸಮಕ್ಕೂ ದೊರೆತಂತೆ ಕಾಣುವುದಿಲ್ಲ. ಕಲ್ಲುಗಣಿಯಲ್ಲಿ ಮದ್ದು ಹಾರಿದರೂ ಸ್ಫೋಟ, ಅಡುಗೆಮನೆಯಲ್ಲಿ ಅನಿಲ ಹೊತ್ತಿಕೊಂಡರೂ ಸ್ಫೋಟ. ಬೆಟ್ಟದ ನೆತ್ತಿಯ ಮೇಲೆ ಒಂದು ಗಂಟೆಯ ಕಾಲ ಮಳೆ ಬೋರ್ಗರೆದರೆ ಅದು ಮೇಘಸ್ಫೋಟ, ಆಡಳಿತಪಕ್ಷದ ನಾಲ್ವರು ಶಾಸಕರು ಒಂದು ಕಡೆ ಕಲೆತು ಊಟಮಾಡಿ ಮುಖ ಗಂಟಿಕ್ಕಿಕೊಂಡು ಹೊರಬಂದರೆ ಅದು ಭಿನ್ನಮತ ಸ್ಫೋಟ. ಆಟಗಾರನೊಬ್ಬ ಚೆಂಡನ್ನು ಗೆರೆಯಾಚೆಗೆ ಅಟ್ಟಿದರೆ ಅವನದು ಸ್ಫೋಟಕ ಬ್ಯಾಟಿಂಗ್, ಆರೋಪಿಯೊಬ್ಬ ಬಾಯಿಬಿಟ್ಟರೆ ಅವನಿಂದ ಹೊರಟದ್ದು ಸ್ಫೋಟಕ ಮಾಹಿತಿ. ಈ ಪ್ರಯೋಗಗಳೆಲ್ಲವೂ ತಪ್ಪೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಭಾಷೆಯ ರಾಜ್ಯದಲ್ಲಿ ರೂಢಿಯೇ ಅರಸು. ಆದರೆ ಇಷ್ಟು ದುಡಿಮೆಗೆ ಹೂಡಲ್ಪಟ್ಟ ಶಬ್ದವೊಂದು ಎಲ್ಲಿಂದ ಹೊರಟಿತು, ಏನನ್ನು ಹೊತ್ತು ತಂದಿತು, ದಾರಿಯಲ್ಲಿ ಏನನ್ನು ಚೆಲ್ಲಿಕೊಂಡಿತು ಎಂಬುದನ್ನು ವಿಚಾರಿಸುತ್ತ ಹೋದರೆ, ಹೀಗೆ ಚೆಲ್ಲಿಹೋದದ್ದೇ ಅದರ ಅರ್ಥಸಂಪತ್ತಿನಲ್ಲಿ ಹೆಚ್ಚು ಬೆಲೆಬಾಳುವ ಭಾಗವೆಂದು ಕಂಡುಬರುತ್ತದೆ.

ಈ ಶಬ್ದದ ಧಾತು ‘ಸ್ಫುಟ್’. ಪಾಣಿನೀಯ ಧಾತುಪಾಠದಲ್ಲಿ ಇದು ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ: ಒಂದೆಡೆ ವಿಕಸನವೆಂಬ ಅರ್ಥದಲ್ಲಿ, ಇನ್ನೊಂದೆಡೆ ವಿಶರಣವೆಂಬ ಅರ್ಥದಲ್ಲಿ. ವಿಕಸನವೆಂದರೆ ಅರಳುವುದು, ವಿಶರಣವೆಂದರೆ ಒಡೆದು ಚದುರುವುದು. ಹೂವು ಅರಳುವುದಕ್ಕೂ ಕಲ್ಲು ಒಡೆಯುವುದಕ್ಕೂ ಒಂದೇ ಧಾತು ಹೇಗೆ ಸಾಕಾಯಿತೆಂದು ಯೋಚಿಸಿದರೆ, ಎರಡರಲ್ಲಿಯೂ ಒಳಗೆ ಮುಚ್ಚಿಕೊಂಡಿದ್ದುದು ಹೊರಗೆ ಕಾಣಿಸಿಕೊಳ್ಳುತ್ತದೆಂಬ ಸಾಮ್ಯ ಹೊಳೆಯುತ್ತದೆ. ಅದೇ ಧಾತುವಿನಿಂದ ಬಂದ ‘ಸ್ಫುಟ’ವನ್ನು ನಾವು ಇಂದಿಗೂ ‘ಸ್ಪಷ್ಟ’ವೆಂಬ ಅರ್ಥದಲ್ಲಿಯೇ ಬಳಸುತ್ತೇವೆ, ಹುಡುಗನ ಉಚ್ಚಾರ ಸ್ಫುಟವಾಗಿದೆಯೆಂದು ಮೇಷ್ಟರು ಮೆಚ್ಚಿಕೊಂಡಾಗ ಅಲ್ಲಿ ಯಾವ ಸದ್ದುಗದ್ದಲದ ಸೂಚನೆಯೂ ಇಲ್ಲ. ಪಂಚಾಂಗದಲ್ಲಿ ಗ್ರಹಸ್ಫುಟವೆಂದರೆ ಗಣಿತದಿಂದ ತಿದ್ದಿ ನಿಶ್ಚಯಿಸಿದ ಗ್ರಹದ ನಿಜಸ್ಥಾನ, ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಬರೆದ ಸಿದ್ಧಾಂತಗ್ರಂಥದ ಹೆಸರಿನಲ್ಲೇ ಈ ಸ್ಫುಟ ಸೇರಿಕೊಂಡು ‘ಬ್ರಾಹ್ಮಸ್ಫುಟಸಿದ್ಧಾಂತ’ವಾಗಿದೆ. ವೈದ್ಯಶಾಸ್ತ್ರಕ್ಕೆ ಬಂದರೆ ಶಬ್ದದ ಮುಖ ಬೇರೆ. ಬೆಂಕಿ ತಾಗಿದಾಗ ಏಳುವಂಥ ಗುಳ್ಳೆಗಳು ಮೈಮೇಲೆ ಕಾಣಿಸಿಕೊಳ್ಳುವ ವ್ಯಾಧಿಗೆ ಆಯುರ್ವೇದದಲ್ಲಿ ವಿಸ್ಫೋಟವೆಂದು ಹೆಸರು. ಮಾಧವನಿದಾನದಂತಹ ಗ್ರಂಥ ಅದನ್ನು ಸಿಡುಬಿಗೆ ಹೇಳುವ ಮಸೂರಿಕೆಯಿಂದ ಬೇರ್ಪಡಿಸಿ, ಎರಡಕ್ಕೂ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಚರ್ಮದ ಮೇಲಿನ ಗುಳ್ಳೆಗೂ ಕಿವಿಗಡಚಿಕ್ಕುವ ಸದ್ದಿಗೂ ಒಂದೇ ಹೆಸರೇ ಎಂದು ಹುಬ್ಬೇರಿಸುವವರು ನಮ್ಮ ‘ಬೊಬ್ಬೆ’ಯನ್ನು ನೆನೆಯಬೇಕು: ಗುದ್ದಲಿ ಹಿಡಿದ ಅಂಗೈಯಲ್ಲಿ ಏಳುವುದೂ ಬೊಬ್ಬೆ, ಹಾವು ಕಂಡವನು ಹಾಕುವುದೂ ಬೊಬ್ಬೆ.

ಆದರೆ ಸಂಸ್ಕೃತದಲ್ಲಿ ಈ ಶಬ್ದವನ್ನು ಶಿಖರಕ್ಕೆ ಏರಿಸಿದವರು ವೈದ್ಯರೂ ಅಲ್ಲ, ಮದ್ದು ಅರೆಯುವವರೂ ಅಲ್ಲ, ವೈಯಾಕರಣರು. ಮಾತು ಕಿವಿಗೆ ಬಿದ್ದಾಗ ಅರ್ಥ ಹೇಗೆ ಹುಟ್ಟುತ್ತದೆ ಎಂಬುದು ಅವರ ಪ್ರಶ್ನೆ. ‘ಮರ’ ಎಂದು ಒಬ್ಬ ನುಡಿದರೆ, ಮಕಾರ ಕೇಳಿಸುವ ಹೊತ್ತಿಗೆ ರಕಾರ ಇನ್ನೂ ಹುಟ್ಟಿಲ್ಲ, ರಕಾರ ಕೇಳಿಸುವ ಹೊತ್ತಿಗೆ ಮಕಾರ ಆಗಲೇ ನಾಶವಾಗಿದೆ. ಎರಡೂ ಒಂದು ಕ್ಷಣದಲ್ಲಿ ಕೂಡಿ ನಿಲ್ಲುವಂತಿಲ್ಲವಾದ್ದರಿಂದ ಮರವೆಂಬ ವಸ್ತುವಿನ ಬೋಧೆ ಯಾವುದರಿಂದ ಆಯಿತೆಂದು ಹೇಳುವುದು? ಇದಕ್ಕೆ ಅವರು ಕೊಟ್ಟ ಉತ್ತರ ಸ್ಫೋಟ: ಕ್ರಮವಾಗಿ ಹುಟ್ಟಿ ಅಳಿಯುವ ಧ್ವನಿಗಳಿಂದ ವ್ಯಕ್ತವಾಗುವ, ತನ್ನಲ್ಲಿ ಮಾತ್ರ ಕ್ರಮವಾಗಲಿ ಭಾಗವಾಗಲಿ ಇಲ್ಲದ, ಅರ್ಥವನ್ನು ಒಮ್ಮೆಗೇ ಬೆಳಗಿಸುವ ಅಖಂಡ ಶಬ್ದ. ಪಾಣಿನಿಯೇ ತನ್ನ ಸೂತ್ರವೊಂದರಲ್ಲಿ ಸ್ಫೋಟಾಯನನೆಂಬ ಹಿಂದಿನ ವೈಯಾಕರಣನನ್ನು ಹೆಸರಿಸಿರುವನಾದರೂ, ಸ್ಫೋಟಕ್ಕೂ ಧ್ವನಿಗೂ ಇರುವ ಭೇದವನ್ನು ತಿಳಿಹೇಳುವುದು ಪತಂಜಲಿಯ ಮಹಾಭಾಷ್ಯ. ಅಲ್ಲಿನ ದೃಷ್ಟಾಂತ ಸ್ವಾರಸ್ಯವಾಗಿದೆ. ಭೇರಿಯನ್ನು ಹೊಡೆದಾಗ ಒಂದು ಪೆಟ್ಟಿನ ಸದ್ದು ಇಪ್ಪತ್ತು ಹೆಜ್ಜೆಯವರೆಗೆ ಹೋಗುತ್ತದೆ, ಮತ್ತೊಂದು ಮೂವತ್ತು, ಮಗದೊಂದು ನಲವತ್ತು. ಸ್ಫೋಟವಾದರೋ ಇದ್ದಷ್ಟೇ ಇರುತ್ತದೆ, ಹಿಗ್ಗುವುದೇನಿದ್ದರೂ ಧ್ವನಿಯ ಪಾಲಿನದು. ಸ್ಫೋಟವೆಂದೊಡನೆಯೇ ಸದ್ದಿನ ಗಾತ್ರವನ್ನು ಅಳೆಯಹೊರಡುವ ನಮಗೆ, ಸದ್ದಿನ ಏರಿಳಿತ ಮುಟ್ಟದಿರುವ ತತ್ತ್ವಕ್ಕೇ ಪ್ರಾಚೀನರು ಆ ಹೆಸರನ್ನು ಕೊಟ್ಟಿದ್ದರೆಂಬುದು ವಿನೋದವಾಗಿ ತೋರೀತು.

ಐದನೆಯ ಶತಮಾನದ ಸುಮಾರಿಗೆ ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಇದನ್ನೇ ಬೃಹತ್ತಾದ ದರ್ಶನವನ್ನಾಗಿ ಬೆಳೆಯಿಸಿ, ಬಿಡಿಪದಕ್ಕಿಂತ ಇಡಿಯ ವಾಕ್ಯವೇ ಅರ್ಥದ ನಿಜವಾದ ಘಟಕವೆಂದೂ, ವಾಕ್ಯಾರ್ಥವು ಪ್ರತಿಭೆಯಂತೆ ಒಮ್ಮೆಗೇ ಮಿಂಚುವುದೆಂದೂ ಪ್ರತಿಪಾದಿಸಿದನು. ಎಲ್ಲರೂ ಒಪ್ಪಿದರೆಂದಲ್ಲ. ಮೀಮಾಂಸಕನಾದ ಕುಮಾರಿಲಭಟ್ಟನು, ಅಳಿದ ವರ್ಣಗಳು ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರಗಳೇ ಅರ್ಥಬೋಧೆಗೆ ಸಾಕು, ಅದರ ಮೇಲೊಂದು ಕಾಣದ ವಸ್ತುವನ್ನು ಕಲ್ಪಿಸುವುದು ವೃಥಾ ಹೊರೆಯೆಂದು ಖಂಡಿಸಿದನು. ಶಂಕರಾಚಾರ್ಯರೂ ಬ್ರಹ್ಮಸೂತ್ರಭಾಷ್ಯದಲ್ಲಿ ವರ್ಣಗಳೇ ಶಬ್ದವೆಂಬ ಪಕ್ಷವನ್ನು ಹಿಡಿದರು. ಮಂಡನಮಿಶ್ರನು ‘ಸ್ಫೋಟಸಿದ್ಧಿ’ಯೆಂಬ ಗ್ರಂಥವನ್ನೇ ರಚಿಸಿ ವೈಯಾಕರಣರ ನೆರವಿಗೆ ನಿಂತನು. ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ಆತ್ಮವೆಂದು ಸಾರಿದ ಧ್ವನಿಯ ಹೆಸರೂ ಈ ವೈಯಾಕರಣರ ಮನೆಯಿಂದಲೇ ತಂದದ್ದು. ಆ ಋಣವನ್ನು ಆತನೇ ಒಪ್ಪಿಕೊಂಡಿದ್ದಾನೆ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ಮಾತ್ರ ಈ ವಾದದ ಗೋಜಿಗೇ ಹೋಗದೆ, ಜೈನದರ್ಶನಕ್ಕೆ ಅನುಗುಣವಾಗಿ ಶಬ್ದವನ್ನು ಒಂದು ದ್ರವ್ಯವೆಂದೇ ಬಗೆದು, ಜೀವನ ಇಚ್ಛೆಯಿಂದ ನಾಭಿಮೂಲದಲ್ಲಿ ಕಹಳೆಯ ಆಕಾರದಲ್ಲಿ ಅದು ಹುಟ್ಟುವುದೆಂದೂ ಅದರ ಬಣ್ಣ ಬಿಳುಪೆಂದೂ ‘ಶಬ್ದಮಣಿದರ್ಪಣ’ದ ಆದಿಯಲ್ಲೇ ಹೇಳಿ ಮುಂದೆ ಸಾಗುತ್ತಾನೆ. ಸದ್ದಿಗೆ ಮೈಯುಂಟು, ಆಕಾರವುಂಟು, ಬಣ್ಣವುಂಟು ಎಂಬ ಈ ಮಾತನ್ನು ಇಂದಿನ ವಿದ್ಯಾರ್ಥಿಗಳು ನಗುತ್ತ ಓದುವುದನ್ನು ಕಂಡಿದ್ದೇನೆ. ಸಿಡಿಮದ್ದಿನಿಂದ ಹೊರಟ ಒತ್ತಡದ ಅಲೆ ಗೋಡೆಯನ್ನು ಕೆಡಹುವಾಗ ಅದಕ್ಕೆ ಮೈಯಿಲ್ಲವೆನ್ನುವುದು ಅಷ್ಟೇನೂ ಸುಲಭವಲ್ಲ.

ಸ್ಫುಟ್ ಧಾತುವಿಗೆ ‘ಆ’ ಎಂಬ ಉಪಸರ್ಗ ಸೇರಿದರೆ ಆಸ್ಫೋಟನ. ಮಹಾಭಾರತದ ಮಲ್ಲರು ಕಣಕ್ಕಿಳಿಯುವ ಮುನ್ನ ತೋಳನ್ನು ಅಪ್ಪಳಿಸಿ ಎಬ್ಬಿಸುವ ಸದ್ದಿಗೆ, ಎದುರಾಳಿಗೆ ಸವಾಲೆಸೆಯುವ ಆ ಹೊಡೆತಕ್ಕೆ, ಈ ಹೆಸರು. ಇಂಗ್ಲಿಷಿನವರು ಸ್ಫೋಟಕ್ಕೆ ಹೇಳುವ ‘ಎಕ್ಸ್‌ಪ್ಲೋಡ್’ ಎಂಬ ಶಬ್ದದ ಲ್ಯಾಟಿನ್ ಮೂಲವೂ ಅಂಗೈಯ ಸದ್ದಿನದೇ: ರೋಮಿನ ರಂಗಮಂದಿರದಲ್ಲಿ ನಟನ ಅಭಿನಯ ಹಿಡಿಸದಿದ್ದರೆ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಗಲಭೆಯೆಬ್ಬಿಸಿ ಅವನನ್ನು ರಂಗದಿಂದ ಓಡಿಸುವುದೇ ಅದರ ಮೊದಲ ಅರ್ಥ. ಮದ್ದಿನೊಡನೆ ಅದಕ್ಕೆ ನಂಟು ಬೆಳೆದುದು ಬಹುಕಾಲದ ಮೇಲೆ. ಎಲ್ಲಿಯ ಮಲ್ಲರು, ಎಲ್ಲಿಯ ಪ್ರೇಕ್ಷಕರು! ಎರಡು ಭಾಷೆಗಳಲ್ಲಿಯೂ ಮಹಾಶಬ್ದದ ಹೆಸರಿಗೆ ಕೈಯ ಪೆಟ್ಟಿನೊಡನೆ ನಂಟುಂಟು.

ಇನ್ನು ಕನ್ನಡದ ಮನೆಗೆ ಬರೋಣ. ಸ್ಫೋಟವೆಂಬ ತತ್ಸಮ ಬರುವ ಮೊದಲು ನಮ್ಮಲ್ಲಿ ಈ ವ್ಯಾಪಾರಕ್ಕೆ ಶಬ್ದವೇ ಇರಲಿಲ್ಲವೆಂದು ತಿಳಿದವರು ಇದ್ದರೆ, ಅವರು ಒಗ್ಗರಣೆಯ ಬಾಣಲೆಯ ಬಳಿ ಸ್ವಲ್ಪ ನಿಂತರೆ ಸಾಕು. ಸಾಸಿವೆ ಸಿಡಿಯುತ್ತದೆ. ಸಿಡಿಯೆಂಬ ಈ ಧಾತುವಿನ ಸಂತಾನ ದೊಡ್ಡದು: ಆಕಾಶದಿಂದ ಎರಗುವ ಸಿಡಿಲು, ಬಂಡೆಯನ್ನು ಒಡೆಯುವ ಸಿಡಿಮದ್ದು, ಕೋಟೆಯ ಮೇಲೆ ಬೀಳುವ ಸಿಡಿಗುಂಡು, ಕ್ಷಿಪಣಿಯ ತುದಿಗೆ ಈಚಿನವರು ಹೆಸರಿಟ್ಟ ಸಿಡಿತಲೆ, ಮಾತುಮಾತಿಗೆ ಸಿಟ್ಟಾಗುವವನ ಸಿಡುಕು, ಅವನ ಮನೆಯವರು ಅನುಭವಿಸುವ ಸಿಡಿಮಿಡಿ. ತಲೆನೋವು ವಿಪರೀತವಾದರೆ ತಲೆ ಸಿಡಿಯುತ್ತಿದೆ ಎನ್ನುತ್ತೇವೆ. ಇದ್ದ ಎಡೆಯಿಂದ ಚಟ್ಟನೆ ಹೊರಕ್ಕೆ ಚಿಮ್ಮುವುದು ಈ ಎಲ್ಲದರ ಜೀವಾಳ. ಒತ್ತಡ ತಾಳಲಾರದೆ ಬಾಯಿಬಿಡುವುದಕ್ಕೆ ‘ಒಡೆ’ ಇದೆ: ಕೆರೆಯ ಕಟ್ಟೆ ಒಡೆಯುತ್ತದೆ, ಹತ್ತಿಯ ಕಾಯಿ ಒಡೆಯುತ್ತದೆ, ಬಸ್ಸಿನ ಟೈರು ಒಡೆಯುತ್ತದೆ. ಫ್ಯೂಸಾದರೆ ‘ಹಾರು’ತ್ತದೆ. ಸದ್ದನ್ನಷ್ಟೇ ಹೇಳಬೇಕಾದರೆ ಢಂ, ಢಬ್, ಧಡಾರ್, ಚಟಚಟ, ಪಟಪಟ ಎಂಬ ಅನುಕರಣಶಬ್ದಗಳ ಸಾಲೇ ಇದೆ. ಪಟಾಕಿಯ ಸರಕ್ಕೆ ಒಂದು, ನೆಲಕ್ಕೆ ಬಿದ್ದ ಕೊಡಪಾನಕ್ಕೆ ಇನ್ನೊಂದು ಎಂದು ಮಕ್ಕಳೂ ತಪ್ಪದೆ ಆರಿಸಿಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ನನಗೆ ಬೆರಗೆನಿಸುವ ಶಬ್ದಗಳು ಎರಡು: ಬಿರಿ, ಅರಳು. ಬೇಸಿಗೆಯ ಬಿಸಿಲಿಗೆ ನೆಲ ಬಿರಿಯುತ್ತದೆ, ಬೆಂಕಿಯ ಕಾವಿಗೆ ಬಂಡೆ ಬಿರಿಯುತ್ತದೆ, ನಕ್ಕು ನಕ್ಕು ಹೊಟ್ಟೆ ಬಿರಿಯುತ್ತದೆ, ಹಾಗೆಯೇ ಮುಸ್ಸಂಜೆಯಲ್ಲಿ ಮಲ್ಲಿಗೆಯ ಮೊಗ್ಗೂ ಬಿರಿಯುತ್ತದೆ. ಧಾತುಪಾಠದ ಋಷಿಗಳು ಸ್ಫುಟ್ ಧಾತುವಿನಲ್ಲಿ ಕಂಡುಕೊಂಡ ವಿಕಸನ ವಿಶರಣಗಳ ಜೋಡಿಯನ್ನು ನಮ್ಮ ಒಕ್ಕಲುಮಕ್ಕಳು ಯಾರ ಹಂಗೂ ಇಲ್ಲದೆ ಈ ಎರಡಕ್ಷರದಲ್ಲಿ ಹಿಡಿದಿಟ್ಟಿದ್ದಾರೆ. ಅರಳಿನ ಕಥೆ ಇನ್ನೂ ಸೊಗಸು. ತಾವರೆ ಅರಳುವುದೂ ಅರಳೇ; ಭತ್ತವನ್ನೋ ಜೋಳವನ್ನೋ ಕಾದ ಮರಳಿನಲ್ಲಿ ಹುರಿದಾಗ ಸಿಡಿದು ಬೆಳ್ಳಗಾಗಿ ಉಬ್ಬುವ ಕಾಳೂ ಅರಳೇ. ಮದುವೆಯ ಲಾಜಾಹೋಮದಲ್ಲಿ ವಧುವಿನ ಬೊಗಸೆಗೆ ಬೀಳುವುದು ಭತ್ತದ ಅರಳು; ನಾಗರಪಂಚಮಿಯ ಹೊತ್ತಿಗೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಹುರಿಯುವುದು ಜೋಳದ ಅರಳು, ಆಡುಮಾತಿನಲ್ಲಿ ಅಳ್ಳು. ಕಾಳಿನ ಒಳಗಿನ ತೇವ ಕಾವಿಗೆ ಆವಿಯಾಗಿ, ಗಟ್ಟಿಯಾದ ಸಿಪ್ಪೆ ಅದನ್ನು ಹೊರಗೆ ಬಿಡದೆ ತಡೆದು, ಕಡೆಗೆ ಒತ್ತಡ ಮೀರಿ ಸಿಪ್ಪೆ ಹರಿದು, ಬೆಂದು ಮೆತ್ತಗಾದ ಪಿಷ್ಟ ಹೊರಚಿಮ್ಮಿ ಗಾಳಿಯಲ್ಲಿ ಗಟ್ಟಿಯಾಗುವುದು ಅದರ ಕ್ರಮ. ಮುಸುಕಿನ ಜೋಳದಲ್ಲಿ ಇದು ನಡೆಯುವುದು ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಯಾವ ಕಡೆಯಿಂದ ನೋಡಿದರೂ ಇದು ಸ್ಫೋಟವೇ ಸರಿ. ಅದನ್ನು ಕಂಡು, ಕೇಳಿ, ಕನ್ನಡವು ಕಾಳು ಅರಳಿತು ಎಂದಿತು.

ಸಿಡಿಯುವ ಪುಡಿಗೆ ಮದ್ದೆಂಬ ಹೆಸರು ಬಂದುದು ಕನ್ನಡಕ್ಕಷ್ಟೇ ಸೇರಿದ ವಿಶೇಷವಲ್ಲ. ತಮಿಳು, ತೆಲುಗು, ಮಲಯಾಳಗಳಲ್ಲಿಯೂ ಔಷಧದ ಹೆಸರೇ ಕೋವಿಗೆ ತುಂಬುವ ಪುಡಿಗೂ ಸಲ್ಲುತ್ತದೆ, ಫಾರಸಿಯಿಂದ ಬಂದ ‘ದಾರೂ’ವಿನ ನಡತೆಯೂ ಅದೇ, ಆ ಪುಡಿಯನ್ನು ಮೊದಲು ಕಂಡುಹಿಡಿದ ಚೀನೀಯರು ಇಟ್ಟ ಹೆಸರಿನ ಅರ್ಥವೂ ‘ಬೆಂಕಿಯ ಔಷಧ’ವೆಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಇವುಗಳನ್ನು ಸುಮಾರಾಗಿ 75, 10, 15ರ ಪ್ರಮಾಣದಲ್ಲಿ ಬೆರೆಸಿದ ಆ ಪುಡಿಗಾಗಿ ಶ್ರೀರಂಗಪಟ್ಟಣದಲ್ಲಿಯೂ ಚಿತ್ರದುರ್ಗದಲ್ಲಿಯೂ ಕಟ್ಟಿಸಿದ ಮದ್ದಿನ ಮನೆಗಳನ್ನು ಇಂದಿಗೂ ಕಾಣಬಹುದು. ಹೈದರ್, ಟಿಪ್ಪು ಇವರ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳೂ ಇದೇ ಮದ್ದಿನಿಂದ ಹಾರಿದುವು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಸೋತ ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಹೊತ್ತಿ ಸಿಡಿದುದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಚಿತ್ರಕಾರರು ಬರೆದಿಟ್ಟಿದ್ದಾರೆ. ಛಾಯಾಚಿತ್ರ ಹುಟ್ಟುವ ಮುನ್ನ ಕನ್ನಡನಾಡಿನ ಕಣ್ಣು ಸ್ಫೋಟವನ್ನು ಹೇಗೆ ಕಂಡಿತ್ತೆಂಬುದನ್ನು ಅರಿಯಬೇಕಾದವರು ಅಲ್ಲಿಗೇ ಹೋಗಬೇಕು.

ಕಪ್ಪುಮದ್ದನ್ನು ಬಯಲಿನಲ್ಲಿ ಚೆಲ್ಲಿ ಕಿಡಿ ತಾಗಿಸಿದರೆ ಅದು ಭುಗ್ಗೆಂದು ಉರಿದುಹೋಗುತ್ತದೆಯೇ ಹೊರತು ಸಿಡಿಯುವುದಿಲ್ಲ. ಕೊಳವೆಯಲ್ಲಿ ತುಂಬಿ ಬಿಗಿದರೆ, ಉರಿದು ಹುಟ್ಟಿದ ಅನಿಲಗಳಿಗೆ ದಾರಿ ಸಿಗದೆ ಒತ್ತಡ ಏರಿ, ಕೊಳವೆ ಸೀಳುವುದು ಅಥವಾ ಗುಂಡು ಹಾರುವುದು. ಮೈಸೂರು ದಸರೆಯಲ್ಲಿ ಹಾರಿಸುವ 21 ಕುಶಾಲತೋಪುಗಳಲ್ಲಿ ಗುಂಡಿಲ್ಲ, ಬರಿಯ ಮದ್ದು. ಸದ್ದೇ ಅಲ್ಲಿಯ ಗೌರವ. ಕಪ್ಪುಮದ್ದಿನಲ್ಲಿ ಉರಿಯು ಪದರದಿಂದ ಪದರಕ್ಕೆ ಹಬ್ಬುವುದು ಸದ್ದಿಗಿಂತ ನಿಧಾನವಾಗಿ. ಟಿಎನ್‌ಟಿಯಂತಹ ಪದಾರ್ಥಗಳ ರೀತಿಯೇ ಬೇರೆ: ಅಲ್ಲಿ ಉರಿ ಹಬ್ಬುವುದಲ್ಲ, ಒಂದು ಆಘಾತದ ಅಲೆಯೇ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ ಪದಾರ್ಥದೊಳಗೆ ನುಗ್ಗುತ್ತ, ತಾನು ಅಪ್ಪಳಿಸಿದ ಪ್ರತಿಯೊಂದು ಪದರವನ್ನೂ ಆ ಕ್ಷಣದಲ್ಲೇ ಅನಿಲವಾಗಿಸುತ್ತ ಹೋಗುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂಬುದನ್ನು ನೆನೆದರೆ ಎರಡರ ಅಂತರ ಗೊತ್ತಾದೀತು. 1847ರಲ್ಲಿ ಸೊಬ್ರೆರೊ ಎಂಬ ಇಟಲಿಯ ರಸಾಯನಶಾಸ್ತ್ರಜ್ಞ ತಯಾರಿಸಿದ ನೈಟ್ರೋಗ್ಲಿಸರಿನನ್ನು ನಂಬಿಕೆಯಿಂದ ಬಳಸುವಂತಾದದ್ದು, ಬೆಂಕಿಗಿಂತ ಆಘಾತವೇ ಅದನ್ನು ಎಬ್ಬಿಸುವ ಕೀಲಿಯೆಂದು ಆಲ್ಫ್ರೆಡ್ ನೊಬೆಲ್ ಮನಗಂಡು ಡಿಟೋನೇಟರನ್ನು ರೂಪಿಸಿದ ಮೇಲೆ. 1867ರ ಡೈನಮೈಟ್ ಅದರ ಮುಂದಿನ ಹೆಜ್ಜೆ. ಈ ಎರಡನೆಯ ಬಗೆಯನ್ನು ಮೊದಲನೆಯದರಿಂದ ಬೇರ್ಪಡಿಸಲು ಕನ್ನಡದ ದಿನಬಳಕೆಯ ಬರಹದಲ್ಲಿ ಏಕಪ್ರಕಾರವಾದ ಹೆಸರಿಲ್ಲ, ಎರಡೂ ಸ್ಫೋಟವೇ. ಮಲ್ಲರ ತೋಳಿನ ಪೆಟ್ಟನ್ನು ಹೇಳುತ್ತಿದ್ದ ‘ಆಸ್ಫೋಟನ’ವನ್ನು ಈ ಆಘಾತಜನ್ಯವಾದ ಬಗೆಗೆ ಮೀಸಲಿಟ್ಟರೆ ಅರ್ಥಕ್ಕೆ ಒಪ್ಪವಾಗಿರುತ್ತದೆಂದು ನನಗೆ ತೋರುತ್ತದೆ. ಕಲ್ಲುಕ್ವಾರಿಯವರಿಗೆ ಈ ಚರ್ಚೆ ಬೇಡ: ಬಂಡೆಗೆ ಕುಳಿ ಕೊರೆದು, ಜಿಲೆಟಿನ್ ಕಡ್ಡಿ ಇಟ್ಟು, ಕೇಪು ಸಿಕ್ಕಿಸಿ, ಅವರು ‘ಬಂಡೆ ಹಾರಿಸುತ್ತಾರೆ’.

ಮದ್ದೇ ಇಲ್ಲದ ಸ್ಫೋಟವೂ ಉಂಟು. ಕೋಲಾರದ ಚಿನ್ನದ ಗಣಿಗಳಲ್ಲಿ, ಅದರಲ್ಲಿಯೂ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ, ಮೇಲಿನ ಬೆಟ್ಟದಷ್ಟು ಭಾರಕ್ಕೆ ಬಿಗಿದು ನಿಂತ ಬಂಡೆ, ಪಕ್ಕದ ಅದಿರನ್ನು ಅಗೆದು ತೆಗೆದೊಡನೆ ತಾಳ ತಪ್ಪಿ, ಯಾವ ಕಿಡಿಯೂ ಇಲ್ಲದೆ ತಾನೇ ತಾನಾಗಿ ಸಿಡಿದು ಸುರಂಗವನ್ನು ತುಂಬಿಬಿಡುತ್ತಿತ್ತು. ಅದರ ನಡುಕ ಮೇಲಿನ ಊರಿನ ಮನೆಗಳಿಗೂ ಮುಟ್ಟುತ್ತಿತ್ತು. ಗಣಿಯ ಹಳೆಯ ಇಂಗ್ಲಿಷ್ ಬರಹಗಳು ಇದನ್ನು ‘ಏರ್ ಬ್ಲಾಸ್ಟ್’ ಎಂದು ಕರೆದುವು, ಸಿಡಿದುದು ಗಾಳಿಯೋ ಎಂಬಂತೆ. ಸಿಡಿದುದು ಬಂಡೆಯೆಂಬುದು ಖಚಿತವಾದ ಮೇಲೆ ‘ರಾಕ್ ಬರ್ಸ್ಟ್’ ಎಂಬ ಹೆಸರು ನಿಂತಿತು, ಕನ್ನಡದಲ್ಲಿ ಶಿಲಾಸ್ಫೋಟವೆಂದಾಯಿತು. ಧಾತುಪಾಠದ ವಿಶರಣಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ನಾನರಿಯೆ. ಇದರ ವಿಪರ್ಯಾಸ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕಂಡಿತು: ಸ್ಫೋಟಕ ತುಂಬಿದ್ದ ವಾಹನ ಸಿಡಿದಾಗ ನೆರೆಯ ಜಿಲ್ಲೆಗಳ ಜನರೂ ಭೂಕಂಪವೆಂದೇ ಬಗೆದು ಹೊರಗೆ ಓಡಿಬಂದರು.

ಈಗ ಪತ್ರಿಕೆಗಳ ಪ್ರಯೋಗಕ್ಕೆ ಬಂದರೆ, ನನ್ನ ದೊಡ್ಡ ತಕರಾರು ‘ಸಿಲಿಂಡರ್ ಸ್ಫೋಟ’ದ ಬಗ್ಗೆ. ಇಂತಹ ವರದಿಗಳಲ್ಲಿ ಅನೇಕ ಸಲ, ಗೋಡೆ ಉರುಳಿದ ಮನೆಯ ನಡುವೆ ಸಿಲಿಂಡರು ಮಾತ್ರ ಗಟ್ಟಿಯಾಗಿ ನಿಂತಿರುವುದು ಚಿತ್ರದಲ್ಲಿಯೇ ಕಾಣಿಸುತ್ತದೆ. ಅಲ್ಲಿ ಸಿಡಿದುದು ಸಿಲಿಂಡರಲ್ಲ, ರಬ್ಬರು ಕೊಳವೆಯಿಂದಲೋ ರೆಗ್ಯುಲೇಟರಿನಿಂದಲೋ ಸೋರಿ ಕೋಣೆಯನ್ನು ತುಂಬಿದ ಅನಿಲ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಸುಮಾರು 2ರಿಂದ 9 ಭಾಗದಷ್ಟಿರುವಾಗ ವಿದ್ಯುದ್ದೀಪದ ಸ್ವಿಚ್ಚಿನ ಕಿಡಿಯೂ ಸಾಕು. ಸಿಲಿಂಡರೇ ಒಡೆಯುವುದು ಅಪರೂಪ. ಹೊರಗಿನ ಬೆಂಕಿಯ ನಡುವೆ ಸಿಕ್ಕಿ ಒಳಗಿನ ದ್ರವ ಕುದಿದು ಒತ್ತಡ ಮೀರಿದಾಗ ಅದು ನಡೆಯುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದುದರ ಫಲವಾಗಿ ಗೃಹಿಣಿಯರು ಸಿಲಿಂಡರಿಗೆ ಹೆದರುತ್ತಾರೆ, ವರ್ಷಗಟ್ಟಲೆ ಬದಲಾಯಿಸದ ಕೊಳವೆಗೆ ಹೆದರುವುದಿಲ್ಲ. ‘ಸೋರಿದ ಅನಿಲ ಹೊತ್ತಿ ಮನೆ ಸಿಡಿಯಿತು’ ಎಂದು ಬರೆಯಲು ನಾಲ್ಕು ಅಕ್ಷರ ಹೆಚ್ಚು ಬೇಕಾದೀತು, ಬರೆಯಲಿ.

ಮೇಘಸ್ಫೋಟದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಡವೇನೋ. ಸುಮಾರು 20ರಿಂದ 30 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಂಟೆಗೆ 100 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಗೆ ಹವಾಮಾನ ಇಲಾಖೆ ಈ ಹೆಸರನ್ನು ಒಪ್ಪುತ್ತದೆ. ಮೇಘವೇನೂ ಗಡಿಗೆಯಂತೆ ಒಡೆಯುವುದಿಲ್ಲವಾದರೂ ನೋಡಿದವನಿಗೆ ಹಾಗೆ ತೋರುವುದು ಸಹಜ. ಆದರೆ ಒಂದು ದಿನ ಪೂರ್ತಿ ಸುರಿದ ಮಳೆಗೂ ಆ ಹೆಸರನ್ನಿಡುವುದು ಸರಿಯಲ್ಲ. ಜ್ವಾಲಾಮುಖಿಗಳಲ್ಲಿಯೂ ಲಾವಾರಸವನ್ನು ಮೆಲ್ಲಗೆ ಹರಿಸುವವು ಹಲವಿವೆ. ಅವು ಉಕ್ಕುತ್ತವೆ, ಸ್ಫೋಟಿಸುವುದಿಲ್ಲ. 1883ರ ಆಗಸ್ಟ್ 27ರಂದು ಸಿಡಿದ ಕ್ರಕಟೋವದಂಥವಕ್ಕೆ ಮಾತ್ರ ಸ್ಫೋಟವೆಂಬ ಹೆಸರು ಸಲ್ಲುತ್ತದೆ; ಅದರ ಸದ್ದನ್ನು ಸುಮಾರು 4,800 ಕಿಲೋಮೀಟರ್ ದೂರದ ರೊಡ್ರಿಗಸ್ ದ್ವೀಪದವರು ಕೇಳಿ, ಸಮುದ್ರದಲ್ಲೆಲ್ಲೋ ತೋಪು ಹಾರುತ್ತಿದೆಯೆಂದು ಭಾವಿಸಿದರಂತೆ. ಪತಂಜಲಿಯ ಭೇರಿ ಎಲ್ಲಿ, ಇದೆಲ್ಲಿ! ಸದ್ದಷ್ಟೇ ಇದ್ದು ಸಿಡಿದುದು ಏನೂ ಇಲ್ಲದ ಪ್ರಸಂಗವನ್ನು ಬೆಂಗಳೂರು 2020ರ ಮೇ 20ರ ಮಧ್ಯಾಹ್ನ ಕಂಡಿತು. ಊರಿನ ಪೂರ್ವಭಾಗದಲ್ಲಿ ಕಿಟಕಿಗಳನ್ನು ನಡುಗಿಸಿದ ಭಾರೀ ಸದ್ದು ಕೇಳಿ, ಎಲ್ಲಿ ಸ್ಫೋಟವಾಯಿತೆಂದು ಜನರು ವಿಚಾರಿಸಿದ್ದೇ ವಿಚಾರಿಸಿದ್ದು. ವಾಯುಪಡೆಯ ವಿಮಾನವೊಂದು ಪರೀಕ್ಷಾರ್ಥವಾಗಿ ಶಬ್ದದ ವೇಗವನ್ನು ಮೀರಿ ಹಾರಿತ್ತೆಂದು ರಕ್ಷಣಾ ಇಲಾಖೆ ಬಳಿಕ ತಿಳಿಸಿತು. ವಿಮಾನವು ಗಾಳಿಗೆ ಕೊಟ್ಟ ಪೆಟ್ಟು ಅದು. ಆಸ್ಫೋಟನ ಹೌದು, ಸ್ಫೋಟವಲ್ಲ.

ರಾಜಕೀಯದ ಸ್ಫೋಟಗಳನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ದಿನಕ್ಕೊಬ್ಬರು ‘ಹೊಸ ಬಾಂಬ್ ಸಿಡಿಸು’ತ್ತಾರೆ, ಮರುದಿನ ಎಲ್ಲರೂ ಯಥಾಸ್ಥಾನದಲ್ಲಿರುತ್ತಾರೆ. ಆದರೂ ‘ಭಿನ್ನಮತ ಸ್ಫೋಟ’ವೆಂಬ ಮಾತನ್ನು ಮೊದಲು ಹೊಸೆದ ಅಜ್ಞಾತ ಪತ್ರಿಕೋದ್ಯೋಗಿಗೆ, ಒಳಗೆ ಮುಚ್ಚಿಟ್ಟದ್ದು ಹೊರಗೆ ಕಾಣುವುದೆಂಬ ಮೂಲಾರ್ಥ ತಿಳಿದೋ ತಿಳಿಯದೆಯೋ ಕೈಗೆ ಸಿಕ್ಕಿತ್ತೆನ್ನಬೇಕು.

ವಿಶ್ವೋತ್ಪತ್ತಿಯ ‘ಮಹಾಸ್ಫೋಟ’ದಲ್ಲಾದರೋ ಮೂಲಾರ್ಥವೇ ನಿಜವಾಗಿ ಬೇಕಾದದ್ದು. 1949ರಲ್ಲಿ ಬಿಬಿಸಿ ರೇಡಿಯೋ ಭಾಷಣವೊಂದರಲ್ಲಿ, ಆ ಸಿದ್ಧಾಂತವನ್ನು ಒಪ್ಪದ ಫ್ರೆಡ್ ಹಾಯ್ಲ್ ಎಂಬ ಖಗೋಳವಿಜ್ಞಾನಿಯೇ ಅದಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನು ಬಳಸಿದನು. ವಿರೋಧಿ ಇಟ್ಟ ಹೆಸರು ಶಾಶ್ವತವಾಯಿತು. ಆ ಹೆಸರು ಕೇಳಿದವರು ಕತ್ತಲಲ್ಲಿ ಎಲ್ಲೋ ಒಂದು ಬಿಂದುವಿನಲ್ಲಿ ಸಿಡಿದ ಪಟಾಕಿಯನ್ನು ಕಲ್ಪಿಸಿಕೊಳ್ಳುವುದುಂಟು. ಸಿದ್ಧಾಂತ ಹೇಳುವುದು ಅದನ್ನಲ್ಲ: ಸಿಡಿಯುವುದಕ್ಕೆ ಹೊರಗೊಂದು ಬಯಲಿರಲಿಲ್ಲ, ನಡುವೆಂಬ ಒಂದು ಸ್ಥಾನವಿರಲಿಲ್ಲ, ಸದ್ದನ್ನು ಒಯ್ಯಲು ಗಾಳಿಯಿರಲಿಲ್ಲ, ದೇಶವೇ ಎಲ್ಲೆಡೆಯೂ ಏಕಕಾಲದಲ್ಲಿ ಹಿಗ್ಗತೊಡಗಿತು, ಇನ್ನೂ ಹಿಗ್ಗುತ್ತಿದೆ. ಇಂಗ್ಲಿಷ್ ಹೆಸರಿನಲ್ಲಿ ಸದ್ದಲ್ಲದೆ ಮತ್ತೇನೂ ಇಲ್ಲದ್ದರಿಂದ ಅವರ ವಿಜ್ಞಾನಲೇಖಕರು ಪ್ರತಿಸಲವೂ ಈ ತಪ್ಪುಕಲ್ಪನೆಯನ್ನು ತಿದ್ದಬೇಕಾಗಿ ಬರುತ್ತದೆ. ಕನ್ನಡದ ಅಧ್ಯಾಪಕನು ಮನಸ್ಸು ಮಾಡಿದರೆ, ಇಲ್ಲಿಯ ಸ್ಫೋಟ ವಿಶರಣದ್ದಲ್ಲ, ವಿಕಸನದ್ದು ಎಂದು ಒಂದೇ ವಾಕ್ಯದಲ್ಲಿ ಮುಗಿಸಬಹುದು.

ಕಡೆಯದಾಗಿ, ಈ ಶಬ್ದವನ್ನು ಅರಿತು ಆರಿಸಿಕೊಂಡ ಒಂದು ಪ್ರಸಂಗ. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನಿನಲ್ಲಿ, ಸುಮಾರು 107 ಮೀಟರ್ ಆಳದ ಗುಂಡಿಯಲ್ಲಿ ಭಾರತವು ತನ್ನ ಮೊದಲ ಪರಮಾಣು ಸಾಧನವನ್ನು ಸಿಡಿಸಿದಾಗ, ಸರಕಾರ ಅದನ್ನು ಬಾಂಬೆನ್ನಲಿಲ್ಲ, ‘ಶಾಂತಿಯುತ ಪರಮಾಣು ಸ್ಫೋಟ’ವೆಂದಿತು. ಆ ಪದಪುಂಜವನ್ನು ನಮ್ಮವರು ಸೃಷ್ಟಿಸಿದ್ದಲ್ಲ. 1968ರ ಪರಮಾಣು ಪ್ರಸರಣ ತಡೆ ಒಪ್ಪಂದದ ಐದನೆಯ ವಿಧಿಯಲ್ಲೇ ಪರಮಾಣು ಸ್ಫೋಟಗಳ ಶಾಂತಿಯುತ ಉಪಯೋಗದ ಪ್ರಸ್ತಾಪವಿತ್ತು, ಕಾಲುವೆ ಬಂದರುಗಳನ್ನು ಹೀಗೆ ತೋಡುವ ಹವಣಿಕೆಯಲ್ಲಿ ಅಮೆರಿಕದವರು 1962ರಲ್ಲಿ ನೆವಾಡದ ಮರುಭೂಮಿಯಲ್ಲಿ ಸುಮಾರು 390 ಮೀಟರ್ ಅಗಲದ ಕುಳಿಯನ್ನೇ ತೋಡಿದ್ದರು. ಪೋಖ್ರಾನಿನ ಕೆಲಸದ ಮುಂದಾಳುಗಳಲ್ಲಿ ಒಬ್ಬರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು. ಸ್ಫೋಟವೆಂದರೆ ಒಂದು ಘಟನೆ, ಬಾಂಬೆಂದರೆ ಒಂದು ಉದ್ದೇಶ. ಎರಡರ ನಡುವಣ ಈ ಸಣ್ಣ ಅಂತರದಲ್ಲಿಯೇ ರಾಜನೀತಿ ಎರಡು ದಶಕಗಳ ಕಾಲ ಕಾಲೂರಿ ನಿಂತಿತು. 1997ರಲ್ಲಿ ರಾಮಣ್ಣನವರು ಸುದ್ದಿಸಂಸ್ಥೆಯೊಂದಕ್ಕೆ, ಅಂದು ಸಿಡಿದುದು ಬಾಂಬೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮರುವರ್ಷದ ಮೇ ತಿಂಗಳಲ್ಲಿ ಅದೇ ಮರಳುಗಾಡಿನಲ್ಲಿ ಮತ್ತೆ ಸಾಧನಗಳು ಸಿಡಿದಾಗ, ದೆಹಲಿಯ ಪ್ರಕಟಣೆಯಲ್ಲಿ ‘ಶಾಂತಿಯುತ’ವೂ ಇರಲಿಲ್ಲ, ‘ಬಾಂಬ್’ ಕೂಡ ಇರಲಿಲ್ಲ, ‘ಪರೀಕ್ಷೆ’ಯಿತ್ತು.